ಬೆರೆಯಲು ಕಷ್ಟಪಡುವ ಮಕ್ಕಳಿಗೆ ಒಡನಾಟದ ಗುಂಪು: ಕಾಸರಗೋಡಿನ ಶಿಕ್ಷಕರಿಗೂ ಹೆತ್ತವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಬೇಸಿಗೆ ರಜೆ ಬಂತೆಂದರೆ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳದ ಸುತ್ತಮುತ್ತ ವ್ಯಕ್ತಿತ್ವ ವಿಕಸನ ಶಿಬಿರಗಳಿಗೆ ಬರವಿರುವುದಿಲ್ಲ. ಮೈಕ್ ಕೈಗೆ ಸಿಕ್ಕಿದರೆ ಸಾಕೆಂದು ಕಾಯುವ ಮಕ್ಕಳು ಅಲ್ಲಿ ಇನ್ನಷ್ಟು ಚುರುಕಾಗುತ್ತಾರೆ. ಯಾರ ಪಕ್ಕದಲ್ಲಿ ಕೂರಬೇಕೆಂದೇ ತಿಳಿಯದ ಮಗು ಮಾತ್ರ ಶಿಬಿರ ಮುಗಿಯುವವರೆಗೂ ಹಿಂದಿನ ಬೆಂಚಿನಲ್ಲೇ ಇದ್ದು, ಕೊನೆಗೆ ಪ್ರಮಾಣಪತ್ರ ಹಿಡಿದುಕೊಂಡು ಮನೆಗೆ ಬರುತ್ತದೆ. ಈ ಬರಹವಿರುವುದು ಆ ಎರಡನೆಯ ಮಗುವಿನ ಕುರಿತು. ಅಂತಹ ಮಕ್ಕಳಿಗಾಗಿ ನಡೆಸುವ ಸಾಮಾಜಿಕ ಕೌಶಲ ಗುಂಪು ಎಂದರೆ ಹತ್ತಿರಹತ್ತಿರದ ವಯಸ್ಸಿನ ಐದರಿಂದ ಎಂಟು ಮಕ್ಕಳು ಇಬ್ಬರು ಹಿರಿಯರ ಜತೆ ವಾರಕ್ಕೊಮ್ಮೆ ಒಂದೂವರೆ ಗಂಟೆ ಕೂಡಿ, ಆಟಕ್ಕೆ ಸೇರುವುದು, ಮಾತು ಶುರುಮಾಡುವುದು, ಸೋತಾಗ ತಡೆದುಕೊಳ್ಳುವುದು, ಗೇಲಿಯನ್ನು ಎದುರಿಸುವುದು ಇತ್ಯಾದಿಗಳನ್ನು ಮೂರು ನಾಲ್ಕು ತಿಂಗಳ ಕಾಲ ಒಂದೊಂದಾಗಿ ಅಭ್ಯಾಸ ಮಾಡುವ ವ್ಯವಸ್ಥೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಆದರೆ ಎರಡು ವಿಷಯಗಳನ್ನು ಮೊದಲೇ ಸರಿಯಾಗಿ ತೀರ್ಮಾನಿಸದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ: ಗುಂಪು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಒಂದು, ಗುಂಪಿನ ಕೋಣೆಯಲ್ಲಿ ಕಲಿತದ್ದು ಮುಂದಿನ ಆರು ದಿನಗಳಲ್ಲಿ ಎಲ್ಲಿ ಬಳಕೆಯಾಗುತ್ತದೆ ಎಂಬುದು ಇನ್ನೊಂದು.

ಮೊದಲ ಹಂತ: ಮಗು ಏಕೆ ಒಂಟಿ ಎಂಬುದನ್ನು ತಿಳಿಯಿರಿ

ಗುಂಪಿಗೆ ಸೇರಿಸುವ ಮುನ್ನ ಮಗುವನ್ನು ಆಟದ ಬಿಡುವಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮತ್ತು ಸಂಜೆ ಬಸ್ಸು ಕಾಯುವಾಗ ಗಮನಿಸಬೇಕು. ತರಗತಿಯೊಳಗಿನ ನಡವಳಿಕೆಯನ್ನು ನೋಡಿದರೆ ಸಾಲದು, ಏಕೆಂದರೆ ಅಲ್ಲಿ ಯಾರು ಯಾವಾಗ ಮಾತಾಡಬೇಕೆಂಬುದನ್ನು ಟೀಚರೇ ನಿರ್ಧರಿಸುತ್ತಾರೆ. ಆ ಆಸರೆ ಇಲ್ಲದಿರುವಾಗ ಮಗು ಏನು ಮಾಡುತ್ತದೆ ಎಂಬುದೇ ನಮಗೆ ಬೇಕಾದ ಮಾಹಿತಿ.

ಮೇಲ್ನೋಟಕ್ಕೆ ಒಂದೇ ರೀತಿ ಕಾಣುವ ಒಂಟಿತನದ ಹಿಂದೆ ಬೇರೆಬೇರೆ ಕಾರಣಗಳಿರುತ್ತವೆ. ಒಂದು ಮಗುವಿಗೆ ಆಟಕ್ಕೆ ಸೇರುವುದು ಹೇಗೆಂದೇ ಗೊತ್ತಿರುವುದಿಲ್ಲ. ಇನ್ನೊಂದಕ್ಕೆ ಎಲ್ಲವೂ ಗೊತ್ತು, ಕೇಳಿದರೆ ಬಾಯಿಪಾಠ ಒಪ್ಪಿಸುತ್ತದೆ. ಆದರೆ ನಾಲ್ಕು ಮಂದಿಯ ಎದುರು ಹೋಗುವಾಗ ಗಂಟಲು ಒಣಗುತ್ತದೆ. ಮೂರನೆಯದಕ್ಕೆ ತಾಳ್ಮೆಯಿಲ್ಲ, ಸರದಿಗೆ ಕಾಯಬೇಕೆಂಬುದು ತಿಳಿದಿದ್ದರೂ ಕಾಯುವಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಮೊದಲನೆಯ ಮಗುವಿಗೆ ಕಲಿಸಬೇಕು, ಎರಡನೆಯದಕ್ಕೆ ಭಯ ಕರಗುವಂತೆ ಸಣ್ಣ ಸಣ್ಣ ಅವಕಾಶಗಳನ್ನು ಒದಗಿಸಬೇಕು, ಮೂರನೆಯದಕ್ಕೆ ತಡೆದು ನಿಲ್ಲುವ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿಸಬೇಕು. ಮೂವರಿಗೂ ಒಂದೇ ಉಪದೇಶ ಕೊಟ್ಟರೆ ಎರಡನೆಯ ಮಗುವಿಗೆ ಅವಮಾನವಾಗುತ್ತದೆ, ಮೂರನೆಯದಕ್ಕೆ ಬೇಸರ ಬರುತ್ತದೆ.

ಕಿವಿಯ ಪರೀಕ್ಷೆಯನ್ನು ತಪ್ಪಿಸಬೇಡಿ. ಒಂದು ಕಿವಿ ಮಂದವಾಗಿರುವ ಅಥವಾ ಪದೇಪದೇ ಕಿವಿ ಸೋರುವ ಮಗು ಶಾಂತವಾದ ಕೋಣೆಯಲ್ಲಿ ಸರಿಯಾಗಿ ಉತ್ತರಿಸುತ್ತದೆ. ಗದ್ದಲದ ಬಯಲಿನಲ್ಲಿ ಅರ್ಧ ಮಾತು ಕೇಳಿಸದೆ ತಪ್ಪು ಉತ್ತರ ಕೊಟ್ಟು ನಗೆಪಾಟಲಾಗುತ್ತದೆ, ಕೊನೆಗೆ ಸುಮ್ಮನಿರುವುದನ್ನು ಕಲಿಯುತ್ತದೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದಿದ್ದರೆ ಅದು ಹಟವಲ್ಲ. ಆತಂಕದಿಂದ ಬರುವ ಆ ಸ್ಥಿತಿಗೆ ಗುಂಪಿಗಿಂತ ಮೊದಲು ಮನಃಶಾಸ್ತ್ರಜ್ಞರ ನೆರವು ಬೇಕು. ಆಟಿಸಂ ಇರಬಹುದೆಂಬ ಸಂಶಯವಿದ್ದರೆ ಸಮಗ್ರ ಶಿಕ್ಷಾ ಕೇರಳದ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿರುವ (ಬಿ.ಆರ್.ಸಿ.) ವಿಶೇಷ ಶಿಕ್ಷಕರನ್ನು ಶಾಲೆಯ ಮೂಲಕ ಕಾಣಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಆಟಿಸಂ ಮತ್ತು ಕಲಿಕಾ ನ್ಯೂನತೆಗಳನ್ನು ಸ್ಪಷ್ಟವಾಗಿ ಒಳಗೊಂಡಿರುವುದರಿಂದ, ಮೌಲ್ಯಮಾಪನ ಮಾಡಿಸಿಕೊಂಡರೆ ಪರೀಕ್ಷೆಯ ಸೌಲಭ್ಯಗಳಿಗೂ ದಾರಿಯಾಗುತ್ತದೆ.

ಮಗುವನ್ನು ಬೇರೆಯವರು ಕಾಡಿಸುತ್ತಿದ್ದರೆ ಕೆಲಸ ಶುರುವಾಗಬೇಕಾದದ್ದು ಕಾಡಿಸುವವರಿಂದ. ಪೆಟ್ಟು ತಿನ್ನುವ ಮಗುವಿಗೆ ತರಬೇತಿ ಕೊಟ್ಟು, ಪೆಟ್ಟು ಕೊಡುವವರನ್ನು ಹಾಗೆಯೇ ಬಿಡುವುದು ನ್ಯಾಯವಲ್ಲ. ಬದುಕೇ ಬೇಡವೆಂಬ ಮಾತು ಹದಿಹರೆಯದವರ ಬಾಯಿಯಿಂದ ಬಂದರೆ ಗುಂಪಿನ ದಿನಕ್ಕಾಗಿ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಲಭ್ಯವಿದೆ.

ಎರಡನೆಯ ಹಂತ: ಭಾಷೆಯನ್ನು ತೀರ್ಮಾನಿಸಿ

ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಈ ಹಂತ ಇರುವುದೇ ಇಲ್ಲ. ನಮ್ಮಲ್ಲಿ ಇದೇ ಮುಖ್ಯ. ಮಂಜೇಶ್ವರ ಅಥವಾ ಕಾಸರಗೋಡು ತಾಲೂಕಿನ ಒಂದು ಕನ್ನಡ ಮಾಧ್ಯಮ ತರಗತಿಯನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ಹವ್ಯಕ ಕನ್ನಡ, ಮತ್ತೊಬ್ಬರದು ಕೊಂಕಣಿ, ಮರಾಠಿ ಅಥವಾ ಬ್ಯಾರಿ, ಪಾಠ ಪುಸ್ತಕದ ಕನ್ನಡದಲ್ಲಿ, ಬಯಲಿಗಿಳಿದರೆ ತುಳು, ಬಸ್ಸು ಹತ್ತಿದರೆ ಮಲಯಾಳ. ಹೆಚ್ಚಿನ ಮಕ್ಕಳು ಒಂದರಿಂದ ಇನ್ನೊಂದಕ್ಕೆ ಅರಿವಿಲ್ಲದೆಯೇ ಜಾರುತ್ತಾರೆ. ಬೆರೆಯಲು ಕಷ್ಟಪಡುವ ಮಗುವಿಗೆ ಪ್ರತಿಯೊಂದು ಬದಲಾವಣೆಯೂ ಒಂದು ಕ್ಷಣದ ವಿಳಂಬ, ಮತ್ತು ಆಟದಲ್ಲಿ ಒಂದು ಕ್ಷಣ ತಡವಾದ ಮಾತಿಗೆ ಬೆಲೆಯಿಲ್ಲ.

ಆದ್ದರಿಂದ ಮೊದಲು ಮಗುವನ್ನು ಅದರ ಮನೆಮಾತಿನಲ್ಲಿ, ತಿಥಿಗೋ ಮದುವೆಗೋ ಸೇರಿದ ಚಿಕ್ಕಪ್ಪ, ಅತ್ತೆ, ಮಾವಂದಿರ ಮಕ್ಕಳ ನಡುವೆ ನೋಡಿ. ಅಲ್ಲಿ ಅದು ಸರಾಗವಾಗಿ ಆಡುತ್ತ, ಜಗಳವಾಡಿ ಮತ್ತೆ ಒಂದಾಗುತ್ತ ಇದ್ದರೆ ಅದಕ್ಕೆ ಕೊರತೆಯಿರುವುದು ಒಡನಾಟದ ತಿಳಿವಳಿಕೆಯದಲ್ಲ, ಬಯಲಿನ ಭಾಷೆಯದು. ಅದಕ್ಕೆ ಗುಂಪಿಗಿಂತ ನೆರೆಮನೆಯ ಒಬ್ಬ ತುಳು ಅಥವಾ ಮಲಯಾಳ ಮಾತಾಡುವ ಗೆಳೆಯ ಹೆಚ್ಚು ಉಪಯೋಗ. ಎಂಟನೆಯ ತರಗತಿಗೋ ಪ್ಲಸ್ ವನ್‌ಗೋ ಹೊಸ ಶಾಲೆ ಸೇರಿ, ಸುತ್ತಲೂ ಮಲಯಾಳವೇ ಆದಾಗ ಹಠಾತ್ತನೆ ಮೌನವಾಗುವ ಹುಡುಗ ಹುಡುಗಿಯರಲ್ಲಿ ಅನೇಕರು ಈ ಸಾಲಿಗೆ ಸೇರಿದವರು. ಅವರನ್ನು ಸಾಮಾಜಿಕ ಕೌಶಲವಿಲ್ಲದವರೆಂದು ಕರೆಯುವುದು ತಪ್ಪು. ಮನೆಮಾತಿನಲ್ಲೂ ಮಗು ಬದಿಗೆ ಸರಿದು ನಿಲ್ಲುತ್ತದೆ ಎಂದಾದರೆ ಮಾತ್ರ ಗುಂಪಿನ ವಿಚಾರ.

ಗುಂಪಿನ ವಿವರಣೆ ಕನ್ನಡದಲ್ಲಿರಲಿ; ಅಭ್ಯಾಸ ಮಾತ್ರ ಮಕ್ಕಳು ನಿಜಕ್ಕೂ ಆಡುವ ಭಾಷೆಯಲ್ಲಿ ನಡೆಯಲಿ. “ನಾನೂ ನಿಮ್ಮ ಜೊತೆ ಆಡಬಹುದೇ?” ಎಂಬ ಗ್ರಾಂಥಿಕ ವಾಕ್ಯವನ್ನು ಪಾಠ ಮಾಡಿಸಿ ತುಳು ಬಯಲಿಗೆ ಕಳಿಸಿದರೆ ಮಗು ಇನ್ನಷ್ಟು ನಗೆಗೀಡಾಗುವುದು ಖಂಡಿತ. ನಡೆಸುವ ಇಬ್ಬರಲ್ಲಿ ಒಬ್ಬರಿಗಾದರೂ ತುಳು ಮತ್ತು ಮಲಯಾಳ ಎರಡೂ ಸಲೀಸಾಗಿರಬೇಕು.

ಮೂರನೆಯ ಹಂತ: ಮಕ್ಕಳು, ಜಾಗ, ಹೊತ್ತು

ವಯಸ್ಸಿನ ಅಂತರ ಎರಡು ವರ್ಷ ಮೀರದಿರಲಿ. ಒಬ್ಬಳೇ ಹುಡುಗಿ ಅಥವಾ ಒಬ್ಬನೇ ಹುಡುಗ ಇರುವಂತೆ ಮಾಡಬೇಡಿ. ಸಿಡುಕು, ಹೊಡೆದಾಟದ ಮಕ್ಕಳನ್ನಷ್ಟೇ ಒಟ್ಟುಹಾಕುವುದು ಅಪಾಯಕಾರಿ. ತಪ್ಪು ಹಾದಿ ಹಿಡಿದ ಹದಿಹರೆಯದವರನ್ನು ಒಂದೆಡೆ ಸೇರಿಸಿದರೆ ಅವರು ಒಬ್ಬರಿಗೊಬ್ಬರು ಶಹಬ್ಬಾಸ್‌ಗಿರಿ ಕೊಟ್ಟುಕೊಂಡು ಇನ್ನಷ್ಟು ಕೆಡಬಹುದೆಂದು ಅಮೆರಿಕದ ಥಾಮಸ್ ಡಿಷನ್ ಮತ್ತು ಸಂಗಡಿಗರು 1999ರಲ್ಲೇ ತೋರಿಸಿಕೊಟ್ಟಿದ್ದಾರೆ. ಸಹಜವಾಗಿ ಬೆರೆಯುವ ಒಂದಿಬ್ಬರು ಮಕ್ಕಳೂ ಗುಂಪಿನಲ್ಲಿದ್ದರೆ ಒಳ್ಳೆಯದು, ಆದರೆ ಕ್ಲಾಸ್ ಲೀಡರನಿಗೆ “ಇವನನ್ನು ನೋಡಿಕೋ” ಎಂದು ಕೆಲಸ ಹಚ್ಚಿದರೆ ಅಲ್ಲಿ ಹುಟ್ಟುವುದು ಗೆಳೆತನವಲ್ಲ, ಉಸ್ತುವಾರಿ.

ಮಗುವನ್ನು ಕೇಳದೆ ಸೇರಿಸಬೇಡಿ. ಹದಿಮೂರು ದಾಟಿದವರನ್ನಂತೂ ಹೆತ್ತವರಿಲ್ಲದಾಗ ಪ್ರತ್ಯೇಕವಾಗಿ ಕೂರಿಸಿ, ಇಲ್ಲಿ ಏನು ನಡೆಯುತ್ತದೆ ಎಂದು ವಿವರಿಸಿ, ಬೇಡವೆಂದರೆ ಬಿಡಿ. ಗುಂಪಿಗೆ ಕೊರತೆಯನ್ನು ಸೂಚಿಸುವ ಹೆಸರನ್ನು ಇಡಬೇಡಿ. ‘ಶನಿವಾರದ ಕೂಟ’ ಎಂದರೆ ಸಾಕು. ಸಣ್ಣ ಊರಿನಲ್ಲಿ ಬೆಳಗ್ಗೆ ಒಂದು ಮನೆಯಲ್ಲಿ ಆಡಿದ ಮಾತು ಮಧ್ಯಾಹ್ನಕ್ಕೆ ಪೇಟೆ ತಲಪಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಚಾರ.

ಜಾಗಕ್ಕೆ ಊರಿನ ಗ್ರಂಥಾಲಯವೋ ಶಾಲೆಯ ಒಂದು ಕೋಣೆಯೋ ಆದೀತು. ಶನಿವಾರ ಬೆಳಗಿನ ಹತ್ತೂವರೆಯ ಸುಮಾರು ಅನುಕೂಲವಾದರೂ ಮದ್ರಸ ಬಿಡುವ ಹೊತ್ತು, ಟ್ಯೂಷನ್, ಹಿಂದಿರುಗುವ ಬಸ್ಸು ಇವುಗಳನ್ನು ಕೇಳಿ ತಿಳಿದೇ ಗೊತ್ತುಮಾಡಬೇಕು. ಜೂನ್ ತಿಂಗಳಲ್ಲಿ ಶುರುಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ: ಮಳೆಗೆ ರಜೆ ಸಾರಿದಾಗಲೆಲ್ಲ ಸರಣಿ ತುಂಡಾಗುತ್ತದೆ, ಮಕ್ಕಳನ್ನು ಗಮನಿಸಲು ಸಮಯವೂ ಸಿಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನೋಡಿ, ಓಣಂ ರಜೆ ಕಳೆದ ಮೇಲೆ ಆರಂಭಿಸಿದರೆ ವಾರ್ಷಿಕ ಪರೀಕ್ಷೆಯ ಬಿಸಿ ಏರುವ ಮೊದಲೇ ಮುಗಿಸಬಹುದು.

ಇಬ್ಬರು ಹಿರಿಯರು ಯಾವಾಗಲೂ ಇರಬೇಕು, ಬಾಗಿಲು ತೆರೆದಿರಬೇಕು, ಯಾವ ಮಗುವೂ ಒಬ್ಬ ಹಿರಿಯರ ಜೊತೆ ಮುಚ್ಚಿದ ಕೋಣೆಯಲ್ಲಿ ಇರಕೂಡದು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಅದನ್ನು ವರದಿ ಮಾಡಲೇಬೇಕು ಎಂಬುದು ನಡೆಸುವವರಿಗೆ ತಿಳಿದಿರಲಿ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಯಿರಿ. ಮಕ್ಕಳ ಫೋಟೋ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು.

ನಾಲ್ಕನೆಯ ಹಂತ: ಒಂದು ಕೂಟ ನಡೆಯುವ ಬಗೆ

ಮೊದಲ ಇಪ್ಪತ್ತು ನಿಮಿಷ ಕಳೆದ ವಾರದ ಮನೆಗೆಲಸದ, ಅಂದರೆ ಮನೆಯಲ್ಲಿ ಮಾಡಲು ಕೊಟ್ಟ ಅಭ್ಯಾಸದ ವಿಚಾರಣೆಗೆ ಮೀಸಲು. ಹೊಸ ಪಾಠಕ್ಕಿಂತ ಇದು ಮುಖ್ಯವಾದ್ದರಿಂದ ಹೊತ್ತಾಯಿತೆಂದು ಇದನ್ನು ಮೊಟಕುಗೊಳಿಸಬಾರದು. ಬಳಿಕ ಹದಿನೈದು ನಿಮಿಷದಲ್ಲಿ ಒಂದೇ ಒಂದು ಕೌಶಲ, ಅರ್ಧ ಗಂಟೆ ಅದರ ಅಭ್ಯಾಸ, ತಿಂಡಿ, ಕೊನೆಗೆ ಹೆತ್ತವರ ಮುಂದೆ ಮುಂದಿನ ವಾರದ ಕೆಲಸದ ನಿಗದಿ.

ಆಟಕ್ಕೆ ಸೇರುವುದು ಎಂಬ ಕೌಶಲವನ್ನೇ ನೋಡೋಣ. ಇಬ್ಬರು ಹಿರಿಯರಲ್ಲಿ ಒಬ್ಬರು ಮೊದಲು ತಪ್ಪಾಗಿ ಮಾಡಿ ತೋರಿಸುತ್ತಾರೆ: ಲಗೋರಿ ನಡೆಯುತ್ತಿರುವಲ್ಲಿಗೆ ನೇರವಾಗಿ ನುಗ್ಗಿ, ಚೆಂಡನ್ನು ಕಸಿದು, “ಹೀಗಲ್ಲ ಆಡುವುದು” ಎನ್ನುತ್ತಾರೆ. ಮಕ್ಕಳು ನಗುತ್ತಾರೆ. ಆಗ ಕೇಳಬೇಕಾದ ಪ್ರಶ್ನೆ “ಇದರಲ್ಲಿ ತಪ್ಪೇನು?” ಎಂಬುದಷ್ಟೇ ಅಲ್ಲ, “ಆಡುತ್ತಿದ್ದವರಿಗೆ ಏನನ್ನಿಸಿರಬಹುದು? ಇವರನ್ನು ಅವರು ನಾಳೆ ಕರೆಯುತ್ತಾರೆಯೇ?” ಎಂಬುದೂ ಹೌದು. ಅನಂತರ ಸರಿಯಾದ ಕ್ರಮ. ಸ್ವಲ್ಪ ದೂರದಲ್ಲಿ ನಿಂತು ಯಾವ ಆಟ, ಯಾರು ಯಾವ ಪಂಗಡ ಎಂದು ನೋಡುವುದು. ಆಟ ತನಗೆ ಬರುತ್ತದೆಯೇ ಎಂದು ಯೋಚಿಸುವುದು. ಹತ್ತಿರ ಸರಿದು ಒಳ್ಳೆಯ ಹೊಡೆತಕ್ಕೆ “ಭಾರೀ ಆಯ್ತು” ಎನ್ನುವುದು. ಒಂದು ಸುತ್ತು ಮುಗಿಯುವವರೆಗೆ ಕಾಯುವುದು. ಬಳಿಕ ಜನ ಕಡಿಮೆಯಿರುವ ಅಥವಾ ಸೋಲುತ್ತಿರುವ ಪಂಗಡಕ್ಕೆ ಸೇರಲು ಕೇಳುವುದು. ಬೇಡವೆಂದರೆ ವಾದ ಮಾಡದೆ “ಆಯ್ತು” ಎಂದು ಬೇರೆಡೆ ಹೋಗುವುದನ್ನೂ ಅಷ್ಟೇ ಗಂಭೀರವಾಗಿ ಅಭ್ಯಾಸ ಮಾಡಿಸಬೇಕು, ಏಕೆಂದರೆ ಎಲ್ಲರೊಂದಿಗೂ ಬೆರೆಯುವ ಮಕ್ಕಳಿಗೂ ಎಷ್ಟೋ ಸಲ “ಇಲ್ಲ” ಎಂಬ ಉತ್ತರವೇ ಸಿಗುತ್ತದೆ. ಈ ಸಂಗತಿ ನಮ್ಮ ಮಗುವಿಗೆ ಹೊಸದು. ಕೇಳಿ ಅದಕ್ಕೆ ಸಮಾಧಾನವಾಗುತ್ತದೆ.

ಒಳಾಂಗಣ ಅಭ್ಯಾಸಕ್ಕೆ ಚೆನ್ನೆಮಣೆಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ, ಎದುರುಬದುರು ಇಬ್ಬರು. ಎದುರಾಳಿ ಕಾಯಿ ಬಿಡುತ್ತಿರುವಾಗ ಕೈ ಕಟ್ಟಿ ಕಾಯಲೇಬೇಕು, ಆದರೆ ಕಣ್ಣು ಅವನ ಕೈಯನ್ನು ಬಿಡುವಂತಿಲ್ಲ. ಮುಂದೆ ಯಾವ ಗುಳಿ ಎತ್ತಿಯಾನು ಎಂದು ಊಹಿಸದೆ ಆಡಲು ಬರುವುದಿಲ್ಲ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಯೋಚಿಸುವ ಅಭ್ಯಾಸ ಇಲ್ಲಿ ಉಪದೇಶವಿಲ್ಲದೆಯೇ ನಡೆಯುತ್ತದೆ. ಮುಖ ನೋಡಿ ಮಾತಾಡಲು ಮುಜುಗರಪಡುವ ಮಕ್ಕಳಿಗೆ ನೋಡಲು ಮಣೆಯಿರುತ್ತದೆ, ಮಾತಾಡಲು ವಿಷಯವಿರುತ್ತದೆ. ಒಂದೊಂದು ಮಣೆಯ ಬದಿಯಲ್ಲಿ ಒಬ್ಬರನ್ನು ಕಾಯಿ ಎಣಿಸುವವರನ್ನಾಗಿ ಕೂರಿಸಿ. ಲೆಕ್ಕದ ತಕರಾರು ಬಂದೇ ಬರುತ್ತದೆ, ಅದೇ ಅಂದಿನ ಪಾಠ. ಸೋತವರು ಮಣೆ ತಳ್ಳಿ ಎದ್ದರೆ ಗದರಿಸಬೇಡಿ. ಕಾಯಿಗಳನ್ನು ಅವರ ಜತೆಗೇ ಕೂತು ಹೆಕ್ಕಿ, ಇನ್ನೊಮ್ಮೆ ನಡೆಸಿ.

ತಿಂಡಿಯನ್ನೂ ಪಾಠವಾಗಿಸಬಹುದು. ಪ್ರತಿಯೊಬ್ಬರ ಕೈಗೂ ಗೋಳಿಬಜೆ ಕೊಡುವ ಬದಲು ಎರಡೇ ತಟ್ಟೆ, ಒಂದೇ ಚಟ್ನಿ ಬಟ್ಟಲು ಇಟ್ಟು ಹಿರಿಯರು ದೂರ ಸರಿದರೆ “ಇತ್ತ ಕೊಡು”, “ನಿನಗೆ ಬೇಕಾ?” ಎಂಬ ಮಾತುಗಳು ತಾವಾಗಿ ಹುಟ್ಟುತ್ತವೆ.

ಒಂದು ಎಚ್ಚರಿಕೆ. ಹೊರನಾಡಿನ ಕೈಪಿಡಿಗಳಲ್ಲಿ ಕಣ್ಣಿಗೆ ಕಣ್ಣಿಟ್ಟು ಮಾತಾಡಿಸುವುದಕ್ಕೆ ಬಹಳ ಒತ್ತಿದೆ. ಹಿರಿಯರ ಮುಖವನ್ನು ನೆಟ್ಟ ನೋಟದಿಂದ ನೋಡುವುದು ನಮ್ಮ ಕಡೆಯ ರೂಢಿಯಲ್ಲೇ ಇಲ್ಲ, ಮತ್ತು ಆಟಿಸಂ ಇರುವ ಅನೇಕ ಮಕ್ಕಳಿಗೆ ಅದು ಹಿಂಸೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಾದವನ್ನು ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ, ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಿರುವಷ್ಟೇ ಉಳಿದವರಿಗೂ ಅವರು ಅರ್ಥವಾಗುವುದಿಲ್ಲ. ಹಾಗಾಗಿ ಕೈ ಅಲ್ಲಾಡಿಸುವುದನ್ನೋ ಬಸ್ಸುಗಳ ಬಗ್ಗೆ ಎಡೆಬಿಡದೆ ಮಾತಾಡುವುದನ್ನೋ ಅಳಿಸಿಹಾಕುವುದು ಗುಂಪಿನ ಕೆಲಸವಲ್ಲ. ಬಸ್ಸಿನ ವಿಷಯವನ್ನು ಕೇಳುವ ಮನಸ್ಸುಳ್ಳವರು ಯಾರು, ಅವರಿಗೆ ಸಾಕೆನಿಸಿತೆಂದು ತಿಳಿಯುವುದು ಹೇಗೆ ಎಂಬುದನ್ನು ಕಲಿಸಿದರೆ ಸಾಕು.

ಹದಿಹರೆಯದವರಾದರೆ

ಇವರಿಗೆ ಆಟಕ್ಕಿಂತ ಮಾತೇ ಬಯಲು. ಸಂಭಾಷಣೆಯಿಂದ ಮುಜುಗರವಿಲ್ಲದೆ ಹೊರಬರುವುದು, ತಮಾಷೆಗೂ ಗೇಲಿಗೂ ಇರುವ ವ್ಯತ್ಯಾಸ, ವಾಟ್ಸಾಪಿನಲ್ಲಿ ಉತ್ತರ ಬರದಿದ್ದಾಗ ಮತ್ತೆ ಮತ್ತೆ ಸಂದೇಶ ಕಳಿಸದಿರುವುದು, ಇಷ್ಟವಾದವರ ಬಳಿ ಹೇಗೆ ಮಾತಾಡುವುದು ಮತ್ತು ಬೇಡವೆಂದರೆ ಅಲ್ಲಿಗೇ ನಿಲ್ಲಿಸುವುದು ಇವೆಲ್ಲ ಸೇರಬೇಕು.

ಗೇಲಿಗೆ “ಸುಮ್ಮನಿರು, ಲಕ್ಷ್ಯ ಕೊಡಬೇಡ” ಎಂದು ನಾವು ಹೇಳುವ ಬುದ್ಧಿಮಾತು ಸಾಮಾನ್ಯವಾಗಿ ಫಲಿಸುವುದಿಲ್ಲ. ಸುಮ್ಮನಿದ್ದರೆ ಗೇಲಿ ಹೆಚ್ಚುತ್ತದೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಲಾಗೆಸನ್ ಮತ್ತು ಫ್ರೆಡ್ ಫ್ರ್ಯಾಂಕಲ್ ರೂಪಿಸಿದ ‘ಪೀರ್ಸ್’ ಎಂಬ ಕಾರ್ಯಕ್ರಮದಲ್ಲಿ ಇದಕ್ಕೆ ಬದಲಾಗಿ, ತನಗೇನೂ ಆಗಿಲ್ಲವೆಂಬಂತೆ ಚುಟುಕು ಉತ್ತರ ಕೊಟ್ಟು ಅಲ್ಲಿಂದ ಸರಿಯುವುದನ್ನು ಅಭ್ಯಾಸ ಮಾಡಿಸುತ್ತಾರೆ. ನಮ್ಮ ಮಕ್ಕಳಿಗೆ ಕನ್ನಡದ “ಅದಕ್ಕೇನೀಗ?”, ತುಳುವಿನ “ಅಂದಾ?”, ಮಲಯಾಳದ “ಅದಿನೆಂದಾ?” ಈ ಮೂರೂ ನಾಲಗೆಯ ತುದಿಯಲ್ಲಿರಬೇಕು. ಪದಕ್ಕಿಂತ ಭುಜ ಕುಣಿಸುವ ಉದಾಸೀನ ಮುಖ್ಯವಾದ್ದರಿಂದ ನಗು ಬರುವವರೆಗೂ ಜೋಡಿಯಾಗಿ ಅಭ್ಯಾಸ ನಡೆಯಲಿ. ಆದರೆ ಇದು ಮಾತಿನ ಗೇಲಿಗೆ ಮಾತ್ರ. ಹೊಡೆತ, ಬೆದರಿಕೆ, ರ‍್ಯಾಗಿಂಗ್, ಫೋನಿನಲ್ಲಿ ಚಿತ್ರ ಹರಡುವುದು ಇವುಗಳಿಗೆ ಹಿರಿಯರಿಗೆ ತಿಳಿಸುವುದೇ ದಾರಿ.

ಐದನೆಯ ಹಂತ: ಹೆತ್ತವರ ಪಾಲು

ಮಕ್ಕಳು ಒಳಗಿರುವಾಗ ಹೆತ್ತವರು ಇನ್ನೊಂದು ಕೋಣೆಯಲ್ಲಿ ಕೂತು ಅದೇ ಪಾಠವನ್ನು ಕೇಳುವುದು ಪೀರ್ಸ್ ಕಾರ್ಯಕ್ರಮದ ಗಟ್ಟಿತನ. ಎಲ್ಲ ವಾರವೂ ಅಪ್ಪ ಅಮ್ಮಂದಿರಿಗೆ ಬರಲಾಗದಿದ್ದರೆ ಅಜ್ಜಿಯೋ ದೊಡ್ಡ ಅಕ್ಕನೋ ಬರಲಿ. ಒಬ್ಬರೇ ಒಬ್ಬರು ಖಾಯಂ ಇರಬೇಕು.

ಮುಖ್ಯ ಮನೆಗೆಲಸ ಎಂದರೆ ಗೆಳೆಯನನ್ನು ಮನೆಗೆ ಕರೆಯುವುದು. ನಮ್ಮಲ್ಲಿ ತೋಟದ ನಡುವೆ ಒಂಟಿ ಮನೆಗಳು, ನೆರೆಮನೆಗೆ ಗುಡ್ಡ ಹತ್ತಿ ಇಳಿಯಬೇಕು. ಪೇಟೆಯ ಮಕ್ಕಳಂತೆ ಸಂಜೆ ಬೀದಿಗಿಳಿದರೆ ಜತೆ ಸಿಗುವುದಿಲ್ಲ. ಆದ್ದರಿಂದ ಇದನ್ನು ಯೋಜಿಸಿಯೇ ಮಾಡಬೇಕು. ಒಬ್ಬನನ್ನೇ ಕರೆಯಿರಿ, ಇಬ್ಬರನ್ನು ಕರೆದರೆ ಅವರಿಬ್ಬರೂ ಜೊತೆಯಾಗಿ ನಿಮ್ಮ ಮಗು ಹೊರಗುಳಿಯುತ್ತದೆ. ಒಂದೂವರೆ ಗಂಟೆ ಮೀರದಿರಲಿ, ಇನ್ನೂ ಆಡಬೇಕೆನಿಸುವಾಗಲೇ ಮುಗಿಯಲಿ. ಬೇರೆಯವರು ಮುಟ್ಟಿದರೆ ಮಗು ಸಹಿಸದ ವಸ್ತುಗಳನ್ನು ಮೊದಲೇ ಕಪಾಟಿನಲ್ಲಿಡಿ. ಯಾವ ಆಟವೆಂದು ಅತಿಥಿಯೇ ಆರಿಸಲಿ. ಟಿವಿ, ಫೋನು ಬೇಡ. ಬಂದ ಮಗುವಿನ ಎದುರು “ಇವನು ಸ್ವಲ್ಪ ನಾಚಿಕೆ ಸ್ವಭಾವದವನು ಮಗಾ, ನೀನೇ ಮಾತಾಡಿಸು” ಎಂದು ಹೇಳುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಆ ಒಂದು ವಾಕ್ಯ ಗುಂಪಿನ ಎಷ್ಟೋ ವಾರಗಳ ಕೆಲಸವನ್ನು ಕೆಡಿಸುತ್ತದೆ.

ಆರನೆಯ ಹಂತ: ಶಾಲೆಗೆ, ಊರಿಗೆ ದಾಟಿಸುವುದು

ಕೋಣೆಯಲ್ಲಿ ಚೆನ್ನಾಗಿ ಮಾಡುವ ಮಗು ಬಯಲಿನಲ್ಲಿ ಮಾಡದಿರುವುದು ಇಂತಹ ಗುಂಪುಗಳ ಎಲ್ಲೆಡೆಯ ದೌರ್ಬಲ್ಯ. ಶಾಲೆಯಲ್ಲಿ ಒಬ್ಬ ಟೀಚರಿಗೆ ವಿಷಯ ತಿಳಿದಿದ್ದು, ಜೋಡಿ ಮಾಡುವಾಗ “ಯಾರ ಜತೆ ಬೇಕಾದರೂ ಸೇರಿ” ಎನ್ನದೆ ತಾವೇ ಜೋಡಿಸಿದರೆ ಅರ್ಧ ಕೆಲಸವಾದಂತೆ. ಉಳಿದರ್ಧಕ್ಕೆ ಹೊಣೆ ಸ್ಪಷ್ಟವಾಗಿರುವ ಕೂಟಗಳನ್ನು ಹುಡುಕಿ. ಚೆಂಡೆ ತರಗತಿ, ಯಕ್ಷಗಾನ ತರಬೇತಿ, ಸ್ಕೌಟ್, ಕಲೋತ್ಸವದ ತಂಡ ಇವುಗಳಲ್ಲಿ ಹರಟೆ ಬಾರದವರಿಗೂ ಸ್ಥಾನವಿದೆ. ಹೆಜ್ಜೆ ಹಾಕಲು ಸಂಕೋಚಪಡುವ ಹುಡುಗ ಚೌಕಿಯಲ್ಲಿ ಗೆಜ್ಜೆ ಕಟ್ಟಿಕೊಡುವ, ವೇಷದ ಸಾಮಾನುಗಳನ್ನು ಒಪ್ಪವಾಗಿ ಜೋಡಿಸಿಡುವ ಹೊಣೆ ಹೊತ್ತರೆ ಇಡೀ ತಂಡ ಅವನ ಹೆಸರು ಹಿಡಿದು ಕರೆಯುವಂತಾಗುತ್ತದೆ.

ಏಳನೆಯ ಹಂತ: ಫಲವನ್ನು ಅಳೆಯುವುದು

ಗುಂಪಿನಲ್ಲಿ ಎಷ್ಟು ಚೆನ್ನಾಗಿ ವರ್ತಿಸಿತೆಂದು ಅಂಕ ಹಾಕಬೇಡಿ. ಆರಂಭಿಸುವ ಮೊದಲು, ಮುಗಿದಾಗ ಮತ್ತು ಮುಗಿದು ಮೂರು ತಿಂಗಳ ಮೇಲೆ ಇವೇ ಪ್ರಶ್ನೆಗಳನ್ನು ಹೆತ್ತವರಿಗೂ ಮಗುವಿಗೂ ಬೇರೆಬೇರೆಯಾಗಿ ಕೇಳಿ ಬರೆದಿಡಿ: ಕಳೆದ ತಿಂಗಳು ಯಾರಾದರೂ ಮನೆಗೆ ಬಂದಿದ್ದರೇ, ಇದು ಯಾರ ಮನೆಗಾದರೂ ಹೋಗಿತ್ತೇ, ಊಟಕ್ಕೆ ಯಾರ ಪಕ್ಕ ಕೂತಿತು, ಬಸ್ಸಿನಲ್ಲಿ ಯಾರ ಜತೆ ಬಂತು, ಶಾಲೆಗೆ ಹೋಗಲು ಬೆಳಗ್ಗೆ ಹೊಟ್ಟೆನೋವೆಂದು ಎಷ್ಟು ಸಲ ಹೇಳಿತು. ಉತ್ತರಗಳು ಹೊಂದದಿದ್ದರೆ ಮಗುವಿನ ಮಾತಿಗೆ ಹೆಚ್ಚು ತೂಕ ಕೊಡಿ. ಒಬ್ಬನೇ ಗೆಳೆಯ ಸಿಕ್ಕಿ ಮಗು ಅಷ್ಟಕ್ಕೇ ತೃಪ್ತವಾಗಿದ್ದರೆ ಗುಂಪು ಫಲಿಸಿತೆಂದೇ ತಿಳಿಯಬೇಕು. ಹತ್ತು ಜನರ ನಡುವೆ ಕೂರಿಸಿಯೇ ತೀರುತ್ತೇವೆಂಬ ಹಟ ನಮ್ಮದೇ ಹೊರತು ಅದರದ್ದಲ್ಲ. ಆರೇಳು ವಾರವಾದರೂ ಬರುವ ಮುನ್ನ ಮಗು ಅಳುತ್ತಿದ್ದರೆ ಗುಂಪಿನಿಂದ ಬಿಡಿಸಿ, ಒಬ್ಬರೇ ಹಿರಿಯರು ಮತ್ತು ಒಬ್ಬನೇ ಜತೆಗಾರನಿರುವ ವ್ಯವಸ್ಥೆಗೆ ಬದಲಾಯಿಸಿ.

ಸರಣಿ ಮುಗಿದ ಮೇಲೆ ತಿಂಗಳಿಗೊಮ್ಮೆ ಪಾಠವಿಲ್ಲದ, ಬರೀ ಆಟದ ಕೂಟವೊಂದನ್ನು ಮೇ ತಿಂಗಳವರೆಗೆ ಇಟ್ಟುಕೊಳ್ಳಿ. ಜೂನ್‌ನಲ್ಲಿ ತರಗತಿ, ಟೀಚರು, ಕೂರುವ ಜಾಗ ಎಲ್ಲವೂ ಬದಲಾಗುವುದರಿಂದ ಆ ತಿಂಗಳ ಮೊದಲ ಎರಡು ವಾರ ಹೆತ್ತವರು ಹೊಸ ಟೀಚರನ್ನು ಕಂಡು, ಹಳೆಯ ಜೊತೆಗಾರರಲ್ಲಿ ಒಬ್ಬರನ್ನಾದರೂ ಅದೇ ಡಿವಿಷನ್ನಿನಲ್ಲಿ ಉಳಿಸಿಕೊಡುವಂತೆ ಕೇಳಿಕೊಳ್ಳಬೇಕು.